ಚಮಚ ಸಿಪಾಯಿಯ ಕಣ್ಣು

ಚಮಚ ಸಿಪಾಯಿಯ ಚಿತ್ರವಿರುವ ಸಿಗರೇಟಿನ ಬೂದಿತಟ್ಟೆ ಬೇಕೆಂದರೆ ಒಂದು ಹೊತ್ತು ಹೋಟೆಲಿನ ಊಟ ಬಿಟ್ಟರೆ ಸಾಕು. ಬಿಸ್ಕತ್ತಿನ ಡಬ್ಬಿಗೆ ಒಂದು ಜೊತೆ ಒಳ್ಳೆಯ ಚಪ್ಪಲಿಯ ದುಡ್ಡು ಬೇಕು. ಮುಚ್ಚಳ ಇಲ್ಲದಿದ್ದರೆ ಒಂಟಿ ಚಪ್ಪಲಿಯ ದುಡ್ಡು ಎನ್ನುತ್ತಾಳೆ ನಮ್ಮ ಅಕ್ಕ. ಅಂಚು ಮುಕ್ಕಾಗದ ಊಟದ ತಟ್ಟೆಗೆ ಒಂದು ತಿಂಗಳ ಹಾಲಿನ ಲೆಕ್ಕ. ಕರವಸ್ತ್ರ ಅಗ್ಗ, ಏಕೆಂದರೆ ಜನ ಅದರಲ್ಲಿ ಮೂಗು ಒರೆಸಿಕೊಂಡಿರುತ್ತಾರೆ. ಜಗ್ಗಿಗೆ ಮಾತ್ರ ಬೆಲೆ ಇರಲಿಲ್ಲ. ಅದು ಮಾರಾಟಕ್ಕೆ ಬಂದದ್ದನ್ನು ಯಾರೂ ಕಂಡಿರಲಿಲ್ಲ.

ಚಮಚ ಸಿಪಾಯಿ ಯಾರೆಂದು ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಮ್ಮ ತಾತನ ಕಾಲದ ಯುದ್ಧದಲ್ಲಿ ಪತ್ರಿಕೆಯೊಂದರ ಮೂಲೆಯಲ್ಲಿ ಬರುತ್ತಿದ್ದ ವ್ಯಂಗ್ಯಚಿತ್ರದ ಸಿಪಾಯಿ ಅವನು. ಕಡ್ಡಿಯಂಥ ಕಾಲು, ತಲೆಗಿಂತ ದೊಡ್ಡ ಹೆಲ್ಮೆಟ್ಟು, ಕಾಲುಚೀಲದಲ್ಲಿ ಸಿಕ್ಕಿಸಿಕೊಂಡ ಒಂದು ಚಮಚ. ತಲೆಯ ಮೇಲೆ ಗುಂಡು ಹಾರುತ್ತಿರಲಿ, ಸೊಂಟದವರೆಗೆ ಕೆಸರಲ್ಲಿ ಹೂತಿರಲಿ, ಊಟದ ಗಾಡಿ ಎಲ್ಲಿ ಎಂಬುದೊಂದೇ ಅವನ ಚಿಂತೆ. ಹೆಲ್ಮೆಟ್ಟು ಮೂಗಿನ ಮೇಲೆ ಜಾರಿ ಕೂತಿರುವುದರಿಂದ ಬಾಯಿ ಮಾತ್ರ ಕಾಣುತ್ತದೆ, ಅದು ಈ ಕಿವಿಯಿಂದ ಆ ಕಿವಿಗೆ ನಗುತ್ತಿರುತ್ತದೆ. ಜನರಿಗೆ ಅವನು ಹಿಡಿಸಿದ. ಪಿಂಗಾಣಿ ಕಾರ್ಖಾನೆಯವರು ಅವನನ್ನು ತಟ್ಟೆ, ಬಟ್ಟಲು, ಹೂಕುಂಡ, ಎಲ್ಲದರ ಮೇಲೂ ಕೂರಿಸಿ ಮಾರಿದರು.

ಯುದ್ಧ ಮುಗಿದ ವರ್ಷ ಅದೇ ಕಾರ್ಖಾನೆ ಒಂದು ಜಗ್ ಮಾಡಿತು. ಅದರಲ್ಲಿ ಸಿಪಾಯಿ ಹೆಲ್ಮೆಟ್ಟನ್ನು ಹಿಂದಕ್ಕೆ ತಳ್ಳಿಕೊಂಡು ಮನೆಗೆ ಹೊರಟಿದ್ದಾನೆ. ಅಂದರೆ ಅವನ ಕಣ್ಣು ಕಾಣುತ್ತದೆ. ನಮಗೆ ಇದು ತಿಳಿದದ್ದು ಹಳೆಯದೊಂದು ಜಾಹೀರಾತಿನಿಂದ. ಅದರ ಅಚ್ಚು ಎಷ್ಟು ಕೆಟ್ಟದಾಗಿತ್ತೆಂದರೆ ಕಣ್ಣಿನ ಜಾಗದಲ್ಲಿ ಎರಡು ನೊಣ ಕೂತ ಹಾಗಿತ್ತು.

ನಾನು ಹೊಟ್ಟೆಪಾಡಿಗೆ ಒಡೆದ ಪಿಂಗಾಣಿ ಅಂಟಿಸುವವಳು. ಸಿಪಾಯಿಯ ಹುಚ್ಚು ಹತ್ತಿಸಿದವಳು ಅಕ್ಕ. ತನ್ನ ಮೊದಲ ಸಂಬಳದಲ್ಲಿ ಒಂದು ಬಟ್ಟಲು ಕೊಂಡು ತಂದಳು, ಅಮ್ಮನ ಕೈಲಿ ಬೈಸಿಕೊಂಡಳು, ಅಲ್ಲಿಂದ ಶುರು. ನೋಡುವುದು, ಗುರುತು ಹಿಡಿಯುವುದು, ನೆನಪಿಟ್ಟುಕೊಳ್ಳುವುದು ಅವಳ ಕೆಲಸ, ಚೌಕಾಸಿ ನನ್ನದು. ಈಗ ಅವಳ ಕಣ್ಣಿಗೆ ನಡುವಿನಿಂದ ಮಸಿ ಹಿಡಿಯುತ್ತಿದೆ. ಎದುರಿಗಿರುವುದು ಕಾಣುವುದಿಲ್ಲ, ಅಂಚಿನಲ್ಲಿರುವುದು ಕಾಣುತ್ತದೆ; ಕೋಳಿಯ ಹಾಗೆ ಮುಖ ಓರೆ ಮಾಡಿ ನೋಡುತ್ತಾಳೆ. ಅಂಚೂ ಬೇಗ ಹೋಗುತ್ತದೆ, ನೋಡಬೇಕಾದ್ದೇನಾದರೂ ಇದ್ದರೆ ಈಗಲೇ ನೋಡಿಬಿಡಿ ಎಂದರು ಡಾಕ್ಟರು. ಬೇರೆಯವರಾಗಿದ್ದರೆ ಸಮುದ್ರ, ಬೆಟ್ಟ ಎನ್ನುತ್ತಿದ್ದರೇನೋ. ಅಕ್ಕ, "ಅವನ ಕಣ್ಣು ನೋಡ್ಬೇಕು ಕಣೆ," ಎಂದಳು.

ಈ ವಿಷಯ ನಾವು ಯಾರಿಗೂ ಹೇಳಿರಲಿಲ್ಲ. ಕೊಳ್ಳುವವರ ಕಣ್ಣು ಮಂಜಾಗಿದೆ ಎಂದು ಗೊತ್ತಾದರೆ ಪೇಟೆಯಲ್ಲಿರುವ ನಕಲಿ ಮಾಲೆಲ್ಲ ನಮ್ಮ ಬಾಗಿಲಿಗೇ ಬರುತ್ತದೆ.

ನಿವೃತ್ತಿಯಾದ ನರ್ಸಮ್ಮ ಒಬ್ಬರು ಮಂಡಿನೋವಿಗೆ ಮೂರನೇ ಮಹಡಿಯ ಮನೆ ಬಿಟ್ಟು ಅದೇ ಕಟ್ಟಡದ ನೆಲಮಹಡಿಯ ಒಂದು ಕೋಣೆಗೆ ಇಳಿಯುತ್ತಿದ್ದಾರೆ, ಸಾಮಾನೆಲ್ಲ ಮಾರುತ್ತಾರೆ, ಒಳಗೆ ಚಮಚ ಸಿಪಾಯಿಯದೇನೋ ಇದೆ ಎಂಬ ಸುದ್ದಿ ಬಂತು. ಬೆಳಿಗ್ಗೆಯೇ ಹೊರಟೆವು. ಲಿಫ್ಟ್ ಕೆಟ್ಟಿತ್ತು. ಅಕ್ಕ ಕೆಳಗೆ ವ್ಯಾನಿನಲ್ಲೇ ಕೂತಳು, ತೊಡೆಯ ಮೇಲೆ ಸಾಕ್ಷಿ ಬಟ್ಟಲು ಇಟ್ಟುಕೊಂಡು. ಅದು ನಮ್ಮ ಕಸುಬಿನ ರೂಢಿ: ಅಸಲಿ ಎಂದು ಖಾತ್ರಿಯಿರುವ ಒಂದು ವಸ್ತುವನ್ನು ಜೊತೆಗೆ ಒಯ್ಯುತ್ತೇವೆ, ಹೊಸದಾಗಿ ಕಂಡದ್ದನ್ನು ಅದರ ಪಕ್ಕ ಇಟ್ಟು ಬಣ್ಣ, ತೂಕ ಹೋಲಿಸಿ ನೋಡುತ್ತೇವೆ. ನಮ್ಮ ಸಾಕ್ಷಿ ಅಕ್ಕನ ಆ ಮೊದಲ ಬಟ್ಟಲು. ಅದರ ಮೇಲಿನ ಸಿಪಾಯಿಯ ಚಮಚ ಕೆಂಪು. ಪೇಟೆಯಲ್ಲಿ ಅದನ್ನು ಕಂಡು ಆಸೆಪಡದವರಿಲ್ಲ.

ಮೇಲೆ ಹೋದರೆ ಗಡಿಯಾರದವರು ನನಗಿಂತ ಮೊದಲೇ ಬಂದಿದ್ದರು. ಹಳೇ ಗಡಿಯಾರದ ವ್ಯಾಪಾರಿ. ಸಿಪಾಯಿಗೆ ಬೆಲೆ ಏರಿದ್ದು ನೋಡಿ ಇತ್ತೀಚೆಗೆ ಅದಕ್ಕೂ ಕೈ ಹಾಕಿದ್ದರು. ಅವರ ಎಡಗೈಯಲ್ಲಿ ಜಗ್ ಇತ್ತು.

ನಾನು ಬಾಗಿಲಲ್ಲೇ ನಿಂತೆ.

ಕೈ ನಿಯಮದ ಬಗ್ಗೆ ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ಮಾರುವ ಮನೆಯಲ್ಲಿ ವಸ್ತುವನ್ನು ಮೊದಲು ಎತ್ತಿಕೊಂಡವರ ಕೈಯಲ್ಲಿ ಅದು ಇರುವಷ್ಟು ಹೊತ್ತು ಬೇರೆ ವ್ಯಾಪಾರಿ ಅದರ ಬಗ್ಗೆ ತುಟಿ ಬಿಚ್ಚುವಂತಿಲ್ಲ. ಬೆಲೆ ಕೇಳುವಂತಿಲ್ಲ, ಹೊಗಳುವಂತಿಲ್ಲ, ಹಳಿಯುವಂತಿಲ್ಲ. ಅವರು ಕೈ ಬಿಟ್ಟರೆ ಹಕ್ಕೂ ಬಿಟ್ಟ ಹಾಗೆ; ಇನ್ನೊಬ್ಬರು ಎತ್ತಿಕೊಳ್ಳಬಹುದು. ನಡುವೆ ಬಾಯಿ ಹಾಕಿದವರು ಆ ಮನೆಯಿಂದ ಬರಿಗೈಯಲ್ಲಿ ಹೊರಡಬೇಕು. ಹಿಂದೊಮ್ಮೆ ಇಬ್ಬರು ಒಂದು ದೀಪದ ಗಾಜನ್ನು ಆ ಕಡೆ ಈ ಕಡೆ ಎಳೆದಾಡಿ, ಇಬ್ಬರ ಅಂಗೈಗೂ ಹೊಲಿಗೆ ಬಿದ್ದ ಮೇಲೆ ಹುಟ್ಟಿದ ನಿಯಮ ಇದು. ನಿಯಮ ಮುರಿದು ಮಾಲೂ ಒಯ್ದವರಿಗೆ ಮುಂದೆ ಯಾವ ಮನೆಯ ಸುದ್ದಿಯೂ ಬರುವುದಿಲ್ಲ.

"ಬನ್ನಿ ತಾಯಿ," ಎಂದರು ಗಡಿಯಾರದವರು. "ನಿಮ್ಮ ವ್ಯಾನು ಇನ್ನೂ ಓಡುತ್ತಾ?"

"ಓಡುತ್ತೆ. ನಿಮ್ಮಷ್ಟು ಬೇಗ ಓಡಲ್ಲ, ಅಷ್ಟೆ."

ಅವರು ನಕ್ಕರು. ಅವರ ಹೆಬ್ಬೆರಳು ಸರಿಯಾಗಿ ಸಿಪಾಯಿಯ ಮುಖದ ಮೇಲಿತ್ತು.

ನರ್ಸಮ್ಮ ನೆಲದ ಮೇಲೆ ಬಿಳಿ ದುಪ್ಪಟಿ ಹಾಸಿ, ಆಸ್ಪತ್ರೆಯ ಹಾಸಿಗೆಯ ಹಾಗೆ ಮೂಲೆ ಮಡಿಸಿ, ಸಾಮಾನನ್ನು ಸಾಲಾಗಿ ಇಟ್ಟಿದ್ದರು. ಒಂದೊಂದಕ್ಕೂ ಗಾಯಕ್ಕೆ ಹಚ್ಚುವ ಪ್ಲಾಸ್ಟರಿನ ತುಂಡು ಅಂಟಿಸಿ ಬೆಲೆ ಬರೆದಿದ್ದರು. ಜಗ್ಗಿಗೆ ಪ್ಲಾಸ್ಟರಿರಲಿಲ್ಲ. ಕಿಟಕಿಯ ಹತ್ತಿರ ಕುರ್ಚಿಯ ಮೇಲೆ ಹೆಣಿಗೆ ಕಡ್ಡಿಗಳು ರಾಶಿ ಬಿದ್ದಿದ್ದವು.

"ಅದು ಮಾರೋಕೆ ಇಟ್ಟಿದ್ದೇ ಅಲ್ಲ," ಎಂದರು ನರ್ಸಮ್ಮ ನನ್ನ ಕಡೆ ತಿರುಗಿ. "ನನ್ನ ಕಡ್ಡಿ ಎಲ್ಲಾ ಸುರಿದು ಎತ್ಕೊಂಡಿದಾರೆ ಇವರು. ನಮ್ಮ ದೊಡ್ಡಮ್ಮನ ಕಾಲದಿಂದ ಅದರಲ್ಲಿ ಕಡ್ಡಿ ಬಿಟ್ರೆ ಬೇರೇನೂ ಇಟ್ಟಿಲ್ಲ. ನಿಮಗೂ ಅದೇ ಬೇಕಾ?"

ನಾನು ಬಾಯಿ ತೆರೆದೆ, ಮುಚ್ಚಿದೆ.

"ಅವರು ಈಗ ಮಾತಾಡೋ ಹಾಗಿಲ್ಲ," ಎಂದರು ಗಡಿಯಾರದವರು.

"ಯಾಕೆ, ಗಂಟಲು ನೋವಾ?"

ಅವರು ನಿಯಮ ವಿವರಿಸಿದರು. ನರ್ಸಮ್ಮ ಕೇಳಿ, "ಮಕ್ಕಳ ವಾರ್ಡಲ್ಲಿ ಗೊಂಬೆಗೆ ಹೀಗೇ ಮಾಡ್ತಿದ್ರು," ಎಂದು ಒಳಗೆ ಹೋದರು.

ಕಾಯುವುದೊಂದೇ ನನಗಿದ್ದ ದಾರಿ. ಒಂದೇ ಕೈಯಲ್ಲಿ ಎಷ್ಟು ಹೊತ್ತು ಹಿಡಿದಾರು? ಗೋಡೆಯ ಮೇಲೆ ನಿಂತುಹೋದ ಗಡಿಯಾರವಿತ್ತು. ಅದರ ಕೆಳಗೆ ನಿಂತು, "ಹಿಂದಿನ ಮುಚ್ಚಳ ತೆಗೆದು ನೋಡಿದ್ರಾ? ಒಳಗಿನ ಹೆಸರು ನೋಡಿದ್ರೆ ನಿಮ್ಮ ನಿದ್ದೆ ಹೋಗುತ್ತೆ," ಎಂದೆ. ಅವರು ಹತ್ತಿರ ಬಂದರು. ಮುಚ್ಚಳ ತೆಗೆಯಲು ಎರಡು ಕೈ ಬೇಕು. ಬಲಗೈ ತಿರುಪಿನವರೆಗೆ ಹೋಯಿತು. ಎಡಗೈ ಅಲುಗಿತು. ಆಮೇಲೆ ಅವರು ಗಡಿಯಾರದ ಕಡೆಯೂ ನೋಡದೆ ನನ್ನ ಮುಖ ನೋಡಿದರು.

"ತಾಯಿ, ನಾನಿವತ್ತು ಒಂದೇ ಕೈಯವನು," ಎಂದರು.

ನರ್ಸಮ್ಮ ನೀರು ತಂದುಕೊಟ್ಟರು. ಒಂದೇ ಕೈಯಲ್ಲಿ ಕುಡಿದರು. ಮೂಗು ತುರಿಸಿತು, ಭುಜಕ್ಕೆ ಉಜ್ಜಿಕೊಂಡರು. ಕೆಳಗೆ ವ್ಯಾನಿನ ಬಾಗಿಲು ತೆರೆದು ಮುಚ್ಚಿದ ಸದ್ದು ಕೇಳಿತು. ಅಕ್ಕನಿಗೆ ಕೂತು ಸಾಕಾಗಿತ್ತು. ಇವರು ಒಯ್ದರೆ ಜಗ್ ಎಲ್ಲಿಗೆ ಹೋಗುತ್ತದೆ ಎಂದು ನನಗೆ ಗೊತ್ತಿತ್ತು: ದೂರದ ಯಾವನೋ ಶ್ರೀಮಂತನ ಬೀಗದ ಕಪಾಟಿಗೆ, ಸಂಜೆಯೊಳಗೆ.

ಗಡಿಯಾರದವರು ಕಿಟಕಿಯ ಬೆಳಕಿಗೆ ಜಗ್ ಹಿಡಿದು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹಿಡಿಕೆ ನೋಡಿದರು. "ಇಲ್ಲೊಂದು ಗೆರೆ ಇದೆ, ನರ್ಸಮ್ಮ. ಮುರಿದು ಅಂಟಿಸಿರೋ ಹಾಗಿದೆ."

"ಗೆರೆ ಇಲ್ಲದ್ದು ಈ ಮನೇಲಿ ಯಾವುದೂ ಇಲ್ಲ, ನನ್ನ ಮುಖಾನೂ ಸೇರಿಸಿ. ಬೇಡದಿದ್ರೆ ಇಡಿ."

"ಬೇಡ ಅಂತಲ್ಲ. ಒಂದು ಕೆಟಲ್ ಬಿಸಿನೀರು ಕಾಯಿಸಿ. ಕುದೀಲಿ."

ಅದು ಎಲ್ಲರೂ ಮಾಡುವ ಪರೀಕ್ಷೆ. ಹಳೆಯ ಕಾಲದ ಅಂಟು ಕುದಿನೀರಿಗೆ ಬಿಡುತ್ತದೆ. ಹಿಡಿಕೆ ಅಲುಗಿದರೆ ಬೆಲೆ ಅರ್ಧಕ್ಕಿಂತ ಕೆಳಗೆ. ಅಲುಗದಿದ್ದರೆ ಅದು ಮೇಲಿನ ಬಿರುಕು ಮಾತ್ರ.

ಆ ಗೆರೆ ಅಂಟಿಸಿದ್ದೇ ಎಂದು ನಾನು ನಿಂತಲ್ಲಿಂದಲೇ ಹೇಳಬಲ್ಲವಳಾಗಿದ್ದೆ; ಹಳದಿಯಾಗಿತ್ತು. ಒಳಗೆ ಕೆಟಲ್ ಗುಂಯ್ಗುಟ್ಟತೊಡಗಿತು. ನನಗೆ ಖುಷಿಯೇ ಆಯಿತು, ಸುಳ್ಳು ಯಾಕೆ ಹೇಳಲಿ. ಹಿಡಿಕೆ ಬಿಟ್ಟುಕೊಂಡರೆ ಇವರು ಮುಖ ಸಿಂಡರಿಸಿ ಕೆಳಗಿಡುತ್ತಾರೆ, ನಾನು ಎತ್ತಿಕೊಳ್ಳುತ್ತೇನೆ. ಹಿಡಿಕೆ ಅಂಟಿಸುವುದು ನನಗೆ ಗುಂಡಿ ಹೊಲಿದಷ್ಟೇ ಕೆಲಸ.

ಆಗ ಅವರು ಮೂಲೆಯಲ್ಲಿದ್ದ ಕೈತೊಳೆಯುವ ತೊಟ್ಟಿಯ ಕಡೆ ನಡೆಯುತ್ತ ಜಗ್ಗನ್ನು ಕತ್ತಿನಲ್ಲಿ ಹಿಡಿಯಲು ಹೆಬ್ಬೆರಳು ಸರಿಸಿದರು. ಬೆಳಕು ಜಗ್ಗಿನ ಹೊಟ್ಟೆಯ ಮೇಲೆ ಓಡಿತು. ಕೋಟು ಹೊಳೆಯಿತು, ಹೆಲ್ಮೆಟ್ಟು ಹೊಳೆಯಿತು, ನಗುವ ಬಾಯಿ ಹೊಳೆಯಿತು. ಕಣ್ಣಿದ್ದ ಜಾಗ ಹೊಳೆಯಲಿಲ್ಲ. ಮಂಕಾಗಿತ್ತು, ನಮ್ಮ ಬಟ್ಟಲಿನ ಕೆಂಪು ಚಮಚದ ಹಾಗೆ.

ಯುದ್ಧದ ಕೊನೆಯಲ್ಲಿ ಕಾರ್ಖಾನೆಗೆ ಸೌದೆ, ಕಲ್ಲಿದ್ದಲು ಸಾಲುತ್ತಿರಲಿಲ್ಲ. ಕೊನೆಯಲ್ಲಿ ಹಚ್ಚುವ ಬಣ್ಣವನ್ನು ಭಟ್ಟಿಯಲ್ಲಿ ಸುಡದೆ, ಪಿಂಗಾಣಿಯ ಹೊಳಪಿನ ಮೇಲೆ ಕುಂಚದಿಂದ ಹಾಗೇ ಬಳಿದು ಕಳಿಸುತ್ತಿದ್ದರು. ಅಂಥ ಬಣ್ಣ ಒಣಗಿದ್ದರೆ ಎಷ್ಟು ಕಾಲವಾದರೂ ಇರುತ್ತದೆ. ಕುದಿನೀರು ಬಿದ್ದರೆ ಇರುವುದಿಲ್ಲ. ನಮ್ಮ ಬಟ್ಟಲನ್ನು ನಾವು ಒದ್ದೆ ಬಟ್ಟೆಯಲ್ಲೂ ಒರೆಸುತ್ತಿರಲಿಲ್ಲ. ಈ ಜಗ್ ಉಳಿದದ್ದು ಅದರಲ್ಲಿ ಹೆಣಿಗೆ ಕಡ್ಡಿ ಬಿಟ್ಟು ಬೇರೇನೂ ಇಡದೆ ಇದ್ದುದರಿಂದ.

ನರ್ಸಮ್ಮ ಕೆಟಲ್ ತಂದರು. ಮೂತಿಯಿಂದ ಆವಿ ಏಳುತ್ತಿತ್ತು. ಗಡಿಯಾರದವರು ಬಲಗೈಯಲ್ಲಿ ತೆಗೆದುಕೊಂಡರು.

ಸುಮ್ಮನಿದ್ದರೆ ಜಗ್ ನನ್ನದು, ಕಣ್ಣಿಲ್ಲದ ಜಗ್. ಮಾತಾಡಿದರೆ ಕಣ್ಣು ಉಳಿಯುತ್ತದೆ, ಜಗ್ ಅವರದು.

"ಸುರೀಬೇಡಿ," ಎಂದೆ.

ಕೆಟಲ್ ಅರ್ಧಕ್ಕೆ ನಿಂತಿತು. ಗಡಿಯಾರದವರು ನಿಧಾನವಾಗಿ ತಿರುಗಿದರು. "ಏನಂದ್ರಿ?"

"ಸುರೀಬೇಡಿ ಅಂದೆ. ಕಣ್ಣಿನ ಬಣ್ಣ ಸುಟ್ಟಿದ್ದಲ್ಲ, ಬರೀ ಬಳಿದಿದ್ದು. ಕೊಚ್ಕೊಂಡು ಹೋಗುತ್ತೆ."

"ನಿಯಮ ಮುರಿದ್ರಿ ತಾಯಿ."

"ಗೊತ್ತು. ನಾನಿಲ್ಲಿಂದ ಒಂದು ಸೂಜಿನೂ ಕೊಳ್ಳಲ್ಲ. ಹಿಡಿಕೆ ಅಂಟಿಸಿದ್ದೇ ಅಂತ ನಾನೇ ಹೇಳ್ತೀನಿ, ಬೆಲೆ ಇಳಿಸಿ ಕೇಳಿ. ನೀರು ಮಾತ್ರ ಬೇಡ."

ಅವರ ಮುಖದಲ್ಲಿ ಒಂದು ನಗು ಬಂತು, ನಂಬಿಕೆಯ ನಗುವಲ್ಲ. "ಇಷ್ಟು ವರ್ಷ ಈ ಪೇಟೇಲಿದೀನಿ. ಬಿಸಿನೀರು ಬೇಡ ಅಂತ ಹೇಳೋರೆಲ್ಲ ಯಾರು ಅಂತ ನಂಗೊತ್ತು. ಇದನ್ನ ಅಂಟಿಸಿದ್ದು ನೀವೇ ಇರ್ಬೇಕು. ನೀವೂ ನರ್ಸಮ್ಮನೂ ಸೇರ್ಕೊಂಡು ನನ್ನ ತಲೆಗೆ ಕಟ್ತಾ ಇದೀರಿ."

"ನಾಲಿಗೆ ಬಿಗಿ ಹಿಡಿದು ಮಾತಾಡಿ," ಎಂದರು ನರ್ಸಮ್ಮ. "ಈಯಮ್ಮನ ಮುಖ ನಾನಿವತ್ತೇ ನೋಡ್ತಿರೋದು."

"ಹಾಗಿದ್ರೆ ನೀರು ಸುರಿದ್ರೆ ಭಯ ಯಾಕೆ?"

ಕೆಟಲ್ ಮತ್ತೆ ಬಾಗಿತು. ಒಂದು ಹನಿ ತೊಟ್ಟಿಗೆ ಬಿದ್ದು ಚುಸ್ ಎಂದಿತು.

"ನಮ್ಮ ಸಾಕ್ಷಿ ಬಟ್ಟಲು ಗೊತ್ತಲ್ಲ ನಿಮಗೆ," ಎಂದೆ. "ಅದೂ ಇದೇ ಬಣ್ಣ. ಮೊದಲು ಅದರ ಮೇಲೆ ಸುರಿದು ನೋಡಿ. ಏನೂ ಆಗದಿದ್ರೆ ಇದರ ಮೇಲೂ ಸುರೀರಿ, ನಾನು ಕಮಕ್ ಕಿಮಕ್ ಅನ್ನಲ್ಲ."

ಅವರು ಕೆಟಲನ್ನು ನೆಟ್ಟಗೆ ಹಿಡಿದರು. ಆ ಬಟ್ಟಲಿಗೆ ಅವರೇ ಒಮ್ಮೆ ಒಳ್ಳೆಯ ಬೆಲೆ ಹೇಳಿದ್ದರು, ನಾವು ಕೊಟ್ಟಿರಲಿಲ್ಲ. "ಆ ಬಟ್ಟಲು ಹಾಳು ಮಾಡ್ತೀರಾ?"

ನಾನು ಕಿಟಕಿಯಿಂದ ಬಗ್ಗಿ ಅಕ್ಕನನ್ನು ಕರೆದೆ. ಬಟ್ಟಲು ತಗೊಂಡು ಬಾ ಎಂದೆ.

ಮೂರು ಮಹಡಿಯ ಮೆಟ್ಟಿಲನ್ನು ಅವಳು ಹತ್ತುವ ಸದ್ದು ಕೇಳುತ್ತ ನಿಂತೆವು. ಒಂದು ಹೆಜ್ಜೆ, ತಡಕಾಟ, ಇನ್ನೊಂದು ಹೆಜ್ಜೆ. ಕೆಟಲಿನ ಆವಿ ಕಡಿಮೆಯಾಗುತ್ತಿದ್ದಂತೆ ನರ್ಸಮ್ಮ ಅದನ್ನು ಇಸಿದುಕೊಂಡು ಹೋಗಿ ಮತ್ತೆ ಒಲೆಯ ಮೇಲಿಟ್ಟರು. ಅಕ್ಕ ಬಾಗಿಲಿಗೆ ಬಂದು ಚೌಕಟ್ಟನ್ನು ಸವರಿ, ಹೊಸ್ತಿಲನ್ನು ಕಾಲಿನಿಂದ ಹುಡುಕಿ ಒಳಗೆ ಬಂದಳು. ಗಡಿಯಾರದವರು ಅದನ್ನು ನೋಡಿದರು. ಅವರು ನೋಡಿದ್ದನ್ನು ನಾನು ನೋಡಿದೆ.

"ಏನಾಯ್ತು ಪುಟ್ಟಿ?" ಎಂದಳು ಅಕ್ಕ. ನನ್ನ ಕೂದಲು ನೆರೆತರೂ ಅವಳಿಗೆ ನಾನು ಪುಟ್ಟಿಯೇ.

ಎರಡೇ ಮಾತಿನಲ್ಲಿ ಹೇಳಿದೆ. ಅವಳು ಮುಖ ಓರೆ ಮಾಡಿ ಕೇಳಿಸಿಕೊಂಡಳು.

"ಜಗ್ ಯಾರ ಕೈಲಿದೆ?"

"ಅವರ ಕೈಲಿ. ಇನ್ನು ನಮಗೆ ಸಿಗಲ್ಲ."

"ಕಣ್ಣು ಹೇಗಿದೆ?"

"ನಾನೂ ನೋಡಿಲ್ಲ. ಬರೀ ಮಂಕಾಗಿರೋದು ಕಂಡಿತು."

ಅಕ್ಕ ಬಟ್ಟಲನ್ನು ಸುತ್ತಿದ್ದ ಉಣ್ಣೆಯ ಬಟ್ಟೆ ಬಿಚ್ಚಿದಳು. ಬಟ್ಟೆ ಮಡಿಸಿ ನನ್ನ ಕೈಗೆ ಕೊಟ್ಟಳು. ಬೆರಳಿನಿಂದ ಚಮಚದ ಜಾಗ ಹುಡುಕಿ, ಅದರ ಮೇಲೆ ಒಮ್ಮೆ ಸವರಿ, ಬಟ್ಟಲನ್ನು ತೊಟ್ಟಿಯ ಮೇಲೆ ಹಿಡಿದಳು. "ಸುರೀರಿ. ನನ್ನ ಕೈ ಮೇಲೆ ಬೀಳದ ಹಾಗೆ ಸುರೀರಿ."

ಸುರಿದದ್ದು ನರ್ಸಮ್ಮ. ಸಣ್ಣ ಧಾರೆ, ಕೈ ನಡುಗಲಿಲ್ಲ. ನೀರು ಬಟ್ಟಲಿನ ಮೇಲಿಂದ ತಿಳಿಯಾಗಿ ಇಳಿಯಿತು. ಏನೂ ಆಗಲಿಲ್ಲ. ಗಡಿಯಾರದವರ ಹುಬ್ಬು ಮೇಲೇರಿತು. ನನ್ನ ಲೆಕ್ಕ ತಪ್ಪಿತೇ ಎಂದು ತೊಟ್ಟಿಯ ಮೇಲೆ ಬಗ್ಗಿ ನೋಡಿದೆ. ಆಮೇಲೆ ನೀರಿನ ನಡುವೆ ಕೆಂಪಗೆ ಒಂದು ಎಳೆ ಕಂಡಿತು. ಎಳೆ ದಪ್ಪವಾಯಿತು, ತೊಟ್ಟಿಯ ಬಿಳಿಯ ಮೇಲೆ ಹರಿಯಿತು, ತೂತಿನಲ್ಲಿ ಇಳಿದುಹೋಯಿತು. ನರ್ಸಮ್ಮ ಕೆಟಲ್ ಎತ್ತಿದರು. ಬಟ್ಟಲಿನ ಮೇಲೆ ಸಿಪಾಯಿ ಮೊದಲಿನ ಹಾಗೇ ನಗುತ್ತಿದ್ದ. ಕಾಲುಚೀಲ ಖಾಲಿ.

"ಹೋಯ್ತಾ?" ಎಂದಳು ಅಕ್ಕ.

"ಹೋಯ್ತು."

"ಪೂರ್ತಿ?"

"ಪೂರ್ತಿ."

ಗಡಿಯಾರದವರು ಜಗ್ಗನ್ನು ಎದೆಗೆ ಒತ್ತಿ ಹಿಡಿದಿದ್ದರು, ಬೀಳುವ ಕೂಸನ್ನು ಹಿಡಿದ ಹಾಗೆ. ಕೊನೆಗೆ, "ಅಕ್ಕೋರ ಕಣ್ಣು..." ಎಂದರು.

"ನಡುವೆ ಮಸಿ ಕೂತಿದೆ," ಎಂದಳು ಅಕ್ಕ. "ಪೇಟೇಲಿ ಡಂಗುರ ಹೊಡೀಬೇಡಿ."

ನರ್ಸಮ್ಮ ಕೆಟಲ್ ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟರು. "ಜಗ್ ನಂದು. ನಾನದನ್ನ ಈ ಅಕ್ಕತಂಗಿಗೆ ಕೊಡ್ತೀನಿ. ನಿಮ್ಮ ನಿಯಮ ನಿಮ್ಮ ಅಂಗಡೀಲಿ ಇಟ್ಕೊಳ್ಳಿ."

ಹೂಂ ಎನ್ನಲು ನನ್ನ ನಾಲಿಗೆ ತುರಿಸಿತು. ಆದರೆ ನಿಯಮ ಮುರಿದು ಮಾಲೂ ಒಯ್ದರೆ ನಾಳೆಯಿಂದ ನಮಗೆ ಬಾಗಿಲುಗಳು ಮುಚ್ಚುತ್ತವೆ, ಮತ್ತೆ ಇದೇ ಪೇಟೆಯಲ್ಲಿ ನಾನು ಬದುಕಬೇಕು. ಅಕ್ಕನ ಕಡೆ ನೋಡಿದೆ. ನನ್ನ ಮುಖ ಕಾಣದಿದ್ದರೂ ಅವಳಿಗೆ ಗೊತ್ತಾಯಿತು.

"ನಂಗೆ ನೋಡ್ಬೇಕಿತ್ತು ಅಷ್ಟೆ ನರ್ಸಮ್ಮ," ಎಂದಳು. "ಮನೇಲಿಟ್ಕೊಂಡು ಏನ್ಮಾಡ್ಲಿ? ಅವರೇ ತಗೊಳ್ಳಲಿ. ಅದಕ್ಕೆ ಮುಂಚೆ ಒಂದ್ಸಲ ತೋರಿಸಿ."

"ಹಾಗಾದ್ರೆ ನನ್ನದೂ ಒಂದು ನಿಯಮ," ಎಂದರು ನರ್ಸಮ್ಮ. "ಇವರು ಸಾಕು ಅನ್ನೋವರೆಗೂ ನೋಡ್ಲಿ. ಆಮೇಲೆ ನಿಮಗೆ ಕೊಡ್ತೀನಿ. ಆಗಲ್ಲ ಅಂದ್ರೆ ಇಟ್ಟು ಹೊರಡಿ."

ಗಡಿಯಾರದವರು ಸಂಕಟಕ್ಕೆ ಬಿದ್ದರು. ಕೈ ಬಿಟ್ಟರೆ ಹಕ್ಕು ಹೋಗುತ್ತದೆ; ಅಕ್ಕನ ಕೈಗೆ ಹೋದದ್ದು ಅಕ್ಕನದು. ಕೊನೆಗೆ ಒಂದು ದಾರಿ ಕಂಡುಕೊಂಡರು. ನಾನು ಬಟ್ಟಲು ಇಸಿದುಕೊಂಡೆ; ಅವರು ಜಗ್ಗನ್ನು ಅಕ್ಕನ ಎರಡೂ ಅಂಗೈಯ ಮೇಲೆ ಇಟ್ಟರು, ತಮ್ಮ ತೋರುಬೆರಳನ್ನು ಮಾತ್ರ ಹಿಡಿಕೆಯೊಳಗೆ ತೂರಿಸಿ ಇಟ್ಟುಕೊಂಡರು. ಅಕ್ಕ ಕಿಟಕಿಯ ಕಡೆ ಹೊರಟಳು. ಅವರೂ ಬೆರಳಿನ ಹಿಂದೆ ಹೊರಟರು, ಹಗ್ಗಕ್ಕೆ ಕಟ್ಟಿದ ಕರುವಿನ ಹಾಗೆ.

"ಅಂಟಿಸಿದ ಹಿಡಿಕೆ," ಎಂದೆ. "ಜಗ್ಗಬೇಡಿ."

ನಾನು ಕಡ್ಡಿ ಸರಿಸಿದೆ, ಅಕ್ಕ ಕುರ್ಚಿಯಲ್ಲಿ ಕೂತಳು. ಅವರು ಪಕ್ಕದಲ್ಲಿ ಬಗ್ಗಿ ನಿಂತರು. ಅಕ್ಕ ಜಗ್ಗನ್ನು ಎಡಗಣ್ಣಿನ ಅಂಚಿಗೆ ತಂದಳು, ಬಲಗಣ್ಣಿನ ಅಂಚಿಗೆ ತಂದಳು, ಬೆಳಕಿಗೆ ವಾಲಿಸಿದಳು, ದೂರ ಹಿಡಿದಳು, ಮತ್ತೆ ಹತ್ತಿರ ತಂದಳು. ಗಡಿಯಾರದವರ ಬೆನ್ನು ಬಿಲ್ಲಾಯಿತು. ಹಣೆಯಲ್ಲಿ ಬೆವರೊಡೆಯಿತು. ಬೆರಳು ಮಾತ್ರ ತೆಗೆಯಲಿಲ್ಲ.

"ಸಿಕ್ಕಿದ," ಎಂದಳು ಅಕ್ಕ ಮೆಲ್ಲಗೆ.

ನಾನು ಹತ್ತಿರ ಹೋದೆ.

"ನಗ್ತಿಲ್ಲ ಕಣೆ ಇವನು. ಬಾಯಿ ಮಾತ್ರ ನಗ್ತಿದೆ. ಕಣ್ಣು ನಿದ್ದೆ ಕೆಟ್ಟವನ ಕಣ್ಣು." ಇನ್ನಷ್ಟು ಓರೆಯಾದಳು. "ಒಂದು ಇನ್ನೊಂದಕ್ಕಿಂತ ಸ್ವಲ್ಪ ದೊಡ್ಡದಾಗಿದೆ. ಬರೆದವಳ ಕೈ ನಡುಗಿರಬೇಕು. ಇಷ್ಟು ದಿನ ಹೆಲ್ಮೆಟ್ಟಿನ ಕೆಳಗೆ ಇವನು ಹೀಗಿದ್ದ, ನಾವು ನಗ್ತಿದಾನೆ ಅಂದ್ಕೊಂಡಿದ್ವಿ."

ಅವಳು ಆಮೇಲೂ ನೋಡುತ್ತಲೇ ಇದ್ದಳು. ಸೂರ್ಯ ಕಿಟಕಿಯ ಸರಳು ದಾಟಿದ. ನರ್ಸಮ್ಮ ಕೊನೆಗೆ ಬೆಲೆ ಹೇಳಿದರು, ಹಿಡಿಕೆ ಅಂಟಿಸಿದ್ದಾದರೂ ಒಂದು ಚೂರೂ ಇಳಿಸದೆ. ಗಡಿಯಾರದವರು ತಲೆಯಾಡಿಸಿ ಒಂದೇ ಕೈಯಲ್ಲಿ ಪರ್ಸು ತೆಗೆಯಲು ಒದ್ದಾಡಿದರು. ಪರ್ಸು ಹೊರಬಂತು, ತೆರೆಯಲಿಲ್ಲ. ಅವರು ಅಕ್ಕನನ್ನು ನೋಡಿದರು. ಹಿಡಿಕೆಯಿಂದ ಬೆರಳು ಹೊರಗೆಳೆದುಕೊಂಡರು, ಎರಡೂ ಕೈಯಲ್ಲಿ ಪರ್ಸು ತೆರೆದು ನೋಟು ಎಣಿಸತೊಡಗಿದರು.

ಜಗ್ ಈಗ ಅಕ್ಕನ ಕೈಯಲ್ಲಿ ಮಾತ್ರ ಇತ್ತು. ನಿಯಮ ಮುರಿದವಳು ನಾನು, ಅವಳಲ್ಲ. ನಮ್ಮದು ಎಂದು ಒಂದು ಮಾತು ಅಂದಿದ್ದರೆ ಪೇಟೆಯಲ್ಲಿ ಯಾರೂ ತಪ್ಪು ಹೇಳುವಂತಿರಲಿಲ್ಲ. ಅದು ನನಗೆ ಗೊತ್ತಿತ್ತು, ಗಡಿಯಾರದವರಿಗೆ ಗೊತ್ತಿತ್ತು, ಅಕ್ಕನಿಗೂ ಗೊತ್ತಿತ್ತು. ಅವರು ತಲೆ ಎತ್ತದೆ ಎಣಿಸುತ್ತಲೇ ಇದ್ದರು.

"ತಗೊಳ್ಳಿ," ಎಂದು ಅಕ್ಕ ಜಗ್ಗನ್ನು ಅವರ ಕಡೆ ಚಾಚಿದಳು. "ಒಣಬಟ್ಟೇಲಿ ಮಾತ್ರ ಒರೆಸಿ. ತಗೊಳ್ಳೋರಿಗೂ ಹೇಳಿ."

"ಹೇಳ್ತೀನಿ ಅಕ್ಕೋರೆ," ಎಂದರು ಅವರು.

ಜಗ್ ಅವರದಾಯಿತು. ಬಟ್ಟಲಿನ ಚಮಚ ಹೋಯಿತು; ಈಗ ಅದಕ್ಕೆ ಬೂದಿತಟ್ಟೆಯ ಬೆಲೆಯೂ ಬರುವುದಿಲ್ಲ, ಸಾಕ್ಷಿಗೆ ಬೇರೆ ತಟ್ಟೆ ಒಯ್ಯುತ್ತೇವೆ. ಅಕ್ಕನ ಕಣ್ಣಿನ ಸುದ್ದಿ ಪೇಟೆಯಲ್ಲಿ ಹರಡಲಿಲ್ಲ. ಕಣ್ಣಿನ ಅಂಚು ಡಾಕ್ಟರು ಹೇಳಿದ್ದಕ್ಕಿಂತ ಬೇಗ ಹೋಯಿತು. ಅಷ್ಟರಲ್ಲಿ ಅವಳು ಅವನನ್ನು ನೋಡಿಯಾಗಿತ್ತು.